ತಲೆಗೆ ಪೆಟ್ಟು ಬಿದ್ದದ್ದು ಎಷ್ಟು ಗಂಟೆಗೆ?

ಈ ಸಲದ ಬರಹ ಸ್ವಲ್ಪ ಉದ್ದ, ಅದರಲ್ಲೂ ವಿಜ್ಞಾನದ್ದು. ಸಿನಿಮಾ, ಮಳೆ, ಹಾಸ್ಟೆಲ್ ನೆನಪು ಅಂತ ಓದೋಕೆ ಬಂದವರು ಬೇಜಾರು ಮಾಡಿಕೊಳ್ಳಬೇಡಿ, ಒಂದು ಕಪ್ ಚಹಾ ತಗೊಂಡು ಕೂತು ಓದಿ :)

ವಿಷಯ ಇದು. ತಲೆಗೆ ಪೆಟ್ಟು ಬಿದ್ದಾಗ ಮೆದುಳಿನೊಳಗೆ ಏನಾಗುತ್ತದೆ ಅಂತ ತಿಳಿಯೋಕೆ ಈಗ ವಿಜ್ಞಾನಿಗಳು ಮೆದುಳಿನ ಜೀವಕೋಶಗಳನ್ನ ಒಂದೊಂದಾಗಿ ಬಿಡಿಸಿ, ಪ್ರತಿ ಕೋಶದಲ್ಲೂ ಯಾವ ಜೀನ್ ಚಾಲೂ ಇದೆ, ಯಾವುದು ಬಂದ್ ಆಗಿದೆ ಅಂತ ಲೆಕ್ಕ ಹಾಕುತ್ತಿದ್ದಾರೆ. ನಾನು ಡಾಕ್ಟರೂ ಅಲ್ಲ, ಬಯಾಲಜಿ ಓದಿದವನೂ ಅಲ್ಲ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಿರೋ ಸುರಪುರದವನು. ಆದರೆ ಈ ಲೆಕ್ಕದ ಅರ್ಧ ಭಾಗ ನಡೆಯೋದೇ ಕಂಪ್ಯೂಟರಿನಲ್ಲಿ. ಪ್ರಕಟವಾದ ಎಷ್ಟೋ ಅಧ್ಯಯನಗಳ ಡೇಟಾ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅದನ್ನ ನೋಡೋಕೆ ಬೇಕಾದ ಸ್ಕ್ಯಾನ್‌ಪೈ ಅನ್ನೋ ಪೈಥಾನ್ ಲೈಬ್ರರಿ ಪುಕ್ಕಟೆ. ಹಾಗಾಗಿ ಕೆಲವು ಶನಿವಾರ, ಭಾನುವಾರ ಕೂತು ಒಂದಿಷ್ಟು ತಡಕಾಡಿದ್ದೇನೆ.

ಊರಲ್ಲಿ ಕಾಕಾ ಒಬ್ಬರಿಗೆ ಇದನ್ನ ವಿವರಿಸಿದ್ದಕ್ಕೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೋ ತಮ್ಮಾ, ಇದ್ರಿಂದ ನಮ್ ಕಡಿ ಮಂದಿಗಿ ಏನ್ ಆಗ್ತದ?" ಪ್ರಶ್ನೆ ಸರಿಯಾಗೇ ಇದೆ. ನನ್ನ ಉತ್ತರ: ಬಹಳ ಆಗೋದಿದೆ, ಆದರೆ ಒಂದು ಷರತ್ತಿನ ಮೇಲೆ. ಆ ಷರತ್ತು ಈಡೇರಬೇಕಾದದ್ದು ಬೆಂಗಳೂರಿನ ಲ್ಯಾಬಿಗಿಂತ ಮೊದಲು ಶಹಾಪುರ, ಸುರಪುರದಲ್ಲಿ ಬರೆಯೋ ಒಂದು ಆಸ್ಪತ್ರೆ ಚೀಟಿಯ ಮೇಲೆ. ಅದನ್ನೇ ಇಲ್ಲಿ ಹೇಳಬೇಕಂತ ಹೊರಟಿದ್ದೇನೆ.

*

ಮೊದಲು ಈ ಲೆಕ್ಕ ಅಂದರೇನು ನೋಡೋಣ. ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರೋದು ಒಂದೇ ಡಿಎನ್‌ಎ. ಅದರಲ್ಲಿ ಪ್ರೋಟೀನ್ ಮಾಡೋ ಜೀನ್‌ಗಳು ಸುಮಾರು 20,000. ಹಾಗಿದ್ದರೂ ಕಣ್ಣಿನ ಕೋಶ ಕಣ್ಣಿನ ಕೆಲಸ ಮಾಡುತ್ತದೆ, ಲಿವರ್ ಕೋಶ ಲಿವರ್ ಕೆಲಸ ಮಾಡುತ್ತದೆ. ಯಾಕೆಂದರೆ ಒಂದೊಂದು ಕೋಶ ಆ 20,000ದಲ್ಲಿ ತನಗೆ ಬೇಕಾದ್ದನ್ನ ಮಾತ್ರ ಬಳಸುತ್ತದೆ. ಬಳಸಬೇಕಾದಾಗ ಆ ಜೀನಿನ ಪ್ರತಿ ತೆಗೆಯುತ್ತದೆ, ಆ ಪ್ರತಿಯ ಹೆಸರು ಆರ್‌ಎನ್‌ಎ. ತಹಶೀಲ್ದಾರ್ ಆಫೀಸಿನಲ್ಲಿ ಮೂಲ ದಾಖಲೆ ಕಪಾಟಿನಲ್ಲೇ ಇರುತ್ತದೆ, ಹೊರಗೆ ಓಡಾಡೋದು ಜೆರಾಕ್ಸ್ ಅಲ್ವಾ, ಹಾಗೇ. ಯಾವ ದಾಖಲೆಯ ಜೆರಾಕ್ಸ್ ಎಷ್ಟಿವೆ ಅಂತ ಎಣಿಸಿದರೆ ಆ ದಿನ ಆಫೀಸಿನಲ್ಲಿ ಯಾವ ಕೆಲಸ ನಡೀತಿದೆ ಅಂತ ಗೊತ್ತಾಗಿಬಿಡುತ್ತದೆ.

ಹಿಂದೆ ಇದನ್ನ ಎಣಿಸೋಕೆ ಮೆದುಳಿನ ಒಂದು ತುಣುಕು ತಗೊಂಡು ಪೂರ್ತಿ ಅರೆದು, ಅದರಲ್ಲಿರೋ ಒಟ್ಟು ಆರ್‌ಎನ್‌ಎ ಅಳೆಯುತ್ತಿದ್ದರು. ಬಂದ ಅಂಕಿ ಲಕ್ಷಾಂತರ ಕೋಶಗಳ ಸರಾಸರಿ.

ಸರಾಸರಿ ಏನು ಮಾಡುತ್ತದೆ ಅನ್ನೋದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲೂಕು ಗುಲ್ಬರ್ಗ ಜಿಲ್ಲೆಯೊಳಗೇ ಇದ್ದವು, 2009ರ ಡಿಸೆಂಬರ್ 30ಕ್ಕೆ ಬೇರೆ ಜಿಲ್ಲೆಯಾದವು. ಆಮೇಲೆ ಬಂದ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರಷ್ಟು, ಗುಲ್ಬರ್ಗದ್ದು ಶೇ. 65ರ ಹತ್ತಿರ, ಯಾದಗಿರಿಯದು ಶೇ. 52ರ ಹತ್ತಿರ. ರಾಜ್ಯದಲ್ಲೇ ಕಡೆಯ ಸ್ಥಾನ! ಒಂದೇ ಜಿಲ್ಲೆಯಾಗಿದ್ದಾಗ ಜಿಲ್ಲೆಗಳ ಪಟ್ಟಿಯಲ್ಲಿ ಈ ಅಂತರ ಕಾಣಿಸುತ್ತಲೇ ಇರಲಿಲ್ಲ. ಗುಲ್ಬರ್ಗ ಶಹರದ ಶಾಲೆ ಕಾಲೇಜು ಎಲ್ಲ ಸೇರಿ ಸುರಪುರದ ಹಳ್ಳಿಗಳನ್ನ ಮುಚ್ಚಿಹಾಕಿದ್ದವು. ಬೇರೆ ಮಾಡಿ ಎಣಿಸಿದಾಗಲೇ ಕಂಡದ್ದು.

ತಮಾಷೆ ಅಂದರೆ, ಒಂದೇ ಒಂದು ಕೋಶದ ಪೂರ್ತಿ ಆರ್‌ಎನ್‌ಎಯನ್ನ ಸೀಕ್ವೆನ್ಸ್ ಮಾಡಿದ ಮೊದಲ ಪ್ರಬಂಧ ಬಂದದ್ದೂ ಅದೇ 2009ರಲ್ಲಿ. ಕೇಂಬ್ರಿಡ್ಜಿನ ಅಜೀಂ ಸುರಾನಿ ಅವರ ಪ್ರಯೋಗಾಲಯದಲ್ಲಿ ಫುಚೌ ಟಾಂಗ್ ಮತ್ತು ಸಂಗಡಿಗರು ಇಲಿ ಭ್ರೂಣದ ಕೋಶದ ಮೇಲೆ ಮಾಡಿದ ಕೆಲಸ ಅದು. ಆಗ ಒಂದು ಕೋಶ ಅಂದರೆ ದೊಡ್ಡ ಸಾಹಸ. 2015ರಲ್ಲಿ ಹಾರ್ವರ್ಡಿನವರು ಡ್ರಾಪ್-ಸೀಕ್ ಅನ್ನೋ ವಿಧಾನ ತಂದರು. ಎಣ್ಣೆಯಲ್ಲಿ ತೇಲೋ ಒಂದೊಂದು ನೀರಿನ ಹನಿಯೊಳಗೆ ಒಂದು ಕೋಶ, ಒಂದು ಪುಟ್ಟ ಮಣಿ. ಆ ಮಣಿಯ ಮೇಲೆ ಬಾರ್‌ಕೋಡ್. ಕೋಶ ಒಡೆದಾಗ ಅದರ ಆರ್‌ಎನ್‌ಎಗೆಲ್ಲ ಆ ಬಾರ್‌ಕೋಡ್ ಅಂಟಿಕೊಳ್ಳುತ್ತದೆ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಸುರಿದು ಓದಿದರೂ ಯಾವುದು ಯಾವ ಕೋಶದ್ದು ಅಂತ ಬೇರೆ ಮಾಡಬಹುದು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಪ್ರತಿ ರೆಕಾರ್ಡಿಗೂ ಪ್ರೈಮರಿ ಕೀ ಹಚ್ಚಿದ ಹಾಗೆ. ಕೊನೆಗೆ ಕೈಗೆ ಬರೋದು ಒಂದು ದೊಡ್ಡ ಟೇಬಲ್. ಸಾಲಿಗೊಂದು ಕೋಶ, ಕಾಲಮ್ಮಿಗೊಂದು ಜೀನ್, ಒಳಗೆ ಬಹುಪಾಲು ಸೊನ್ನೆಗಳು.

*

ಸರಿ, ಇದಕ್ಕೂ ತಲೆಪೆಟ್ಟಿಗೂ ಏನು ಸಂಬಂಧ?

ತಲೆಗೆ ಪೆಟ್ಟು ಅಂದರೆ ಎರಡು ಪೆಟ್ಟು. ಮೊದಲನೆಯದು ರಸ್ತೆಗೋ ಗೋಡೆಗೋ ತಲೆ ಬಡಿದ ಆ ಕ್ಷಣದ್ದು. ಅದನ್ನ ಯಾವ ಡಾಕ್ಟರೂ ಹಿಂದಕ್ಕೆ ತರೋಕಾಗಲ್ಲ, ಹೆಲ್ಮೆಟ್ ಮಾತ್ರ ತಡೀಬಹುದು. ಎರಡನೆಯದು ಆಮೇಲೆ ಗಂಟೆಗಟ್ಟಲೆ, ದಿನಗಟ್ಟಲೆ ಒಳಗೊಳಗೇ ನಡೆಯೋದು. ಬಾವು, ರಕ್ತದ ಕೊರತೆ, ಉರಿಯೂತ, ಮೊದಲ ಪೆಟ್ಟಿಗೆ ಸಾಯದ ಕೋಶಗಳು ಆಮೇಲೆ ಸಾಯೋದು. ಔಷಧಿ ಏನಾದರೂ ಮಾಡೋ ಹಾಗಿದ್ದರೆ ಈ ಎರಡನೆಯ ಪೆಟ್ಟಿಗೇ ಮಾಡಬೇಕು.

ಇಲ್ಲಿ ವೈದ್ಯಕೀಯ ಬಹಳ ಸೋತಿದೆ. ಒಂದು ಕಥೆ ಹೇಳ್ತೀನಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಲೆಪೆಟ್ಟಿಗೆ ಸ್ಟೀರಾಯ್ಡ್ ಕೊಡೋ ರೂಢಿ ಇತ್ತು. ಸ್ಟೀರಾಯ್ಡ್ ಬಾವು ಇಳಿಸುತ್ತದೆ, ಮೆದುಳು ಬಾತಿದೆ, ಕೊಡೋಣ ಅಂತ. ಕೊನೆಗೆ ಕ್ರ್ಯಾಶ್ ಅನ್ನೋ ದೊಡ್ಡ ಪರೀಕ್ಷೆ ಮಾಡಿ 10,008 ಮಂದಿಯನ್ನ ಎರಡು ಗುಂಪು ಮಾಡಿ ನೋಡಿದರು. 2004ರಲ್ಲಿ ಬಂದ ಫಲಿತಾಂಶ: ಸ್ಟೀರಾಯ್ಡ್ ಕೊಟ್ಟವರಲ್ಲಿ ಎರಡು ವಾರದೊಳಗೆ ಸತ್ತವರು ಶೇ. 21.1, ಕೊಡದವರಲ್ಲಿ ಶೇ. 17.9. ಒಳ್ಳೇದಾಗಲಿ ಅಂತ ಕೊಟ್ಟ ಔಷಧಿಯೇ ಸಾವು ಹೆಚ್ಚು ಮಾಡಿತ್ತು. ಆಮೇಲೆ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ ಪ್ರೊಜೆಸ್ಟೆರಾನ್ ಬಂತು. 2014ರಲ್ಲಿ ಎರಡು ದೊಡ್ಡ ಪರೀಕ್ಷೆಗಳಲ್ಲಿ ಅದರಿಂದ ಮನುಷ್ಯರಿಗೆ ಏನೂ ಲಾಭವಿಲ್ಲ ಅಂತಾಯಿತು.

ಯಾಕೆ ಹೀಗೆ? ಕಾರಣ ಹಲವು ಇರಬಹುದು. ಒಂದು ಕಾರಣ ನನಗೆ ಎದ್ದು ಕಾಣುತ್ತದೆ. ಮೆದುಳನ್ನ ನಾವು ಒಂದೇ ಮುದ್ದೆ ಅಂತ ನೋಡುತ್ತಿದ್ದೇವೆ. ಅದು ಮುದ್ದೆಯಲ್ಲ, ಒಂದು ಪೇಟೆ. ಸಂದೇಶ ಸಾಗಿಸೋ ನ್ಯೂರಾನ್‌ಗಳಿವೆ, ಅವಕ್ಕೆ ಅನ್ನ ನೀರು ನೋಡಿಕೊಳ್ಳೋ ಆಸ್ಟ್ರೋಸೈಟ್‌ಗಳಿವೆ, ಕಾವಲು ಮತ್ತು ಕಸ ತೆಗೆಯೋ ಎರಡೂ ಕೆಲಸದ ಮೈಕ್ರೋಗ್ಲಿಯಾ ಇವೆ, ನರತಂತುಗಳಿಗೆ ಇನ್ಸುಲೇಷನ್ ಸುತ್ತೋ ಆಲಿಗೋಡೆಂಡ್ರೋಸೈಟ್‌ಗಳಿವೆ, ರಕ್ತನಾಳದ ಗೋಡೆಯ ಕೋಶಗಳಿವೆ. 2023ರ ಅಕ್ಟೋಬರಿನಲ್ಲಿ ಬಂದ ಮನುಷ್ಯ ಮೆದುಳಿನ ನಕ್ಷೆಯಲ್ಲಿ ಇಂಥ ಕೋಶಗಳ ಬಗೆಗಳನ್ನ ಎಣಿಸಿದರೆ 3,000 ದಾಟಿತು. ಪೆಟ್ಟು ಬಿದ್ದಾಗ ಇವೆಲ್ಲ ಒಂದೇ ಥರ ನಡೆದುಕೊಳ್ಳುತ್ತವಾ? ಒಂದರಲ್ಲಿ ಏರಿದ ಜೀನ್ ಇನ್ನೊಂದರಲ್ಲಿ ಇಳಿದಿರಬಹುದು. ಅರೆದು ಅಳೆದರೆ ಏರಿಳಿತ ಒಂದಕ್ಕೊಂದು ಹೊಡೆದುಹೋಗಿ ಏನೂ ಆಗಿಲ್ಲ ಅಂತ ಕಾಣುತ್ತದೆ.

2018ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದೇ ಡ್ರಾಪ್-ಸೀಕ್ ಹಿಡಿದು ತಲೆಗೆ ಪೆಟ್ಟು ಬಿದ್ದ ಇಲಿಗಳ ಹಿಪ್ಪೋಕ್ಯಾಂಪಸ್ ನೋಡಿದರು. ನೆನಪಿಗೆ ಬೇಕಾದ ಭಾಗ ಅದು. ಯಾವ ಬಗೆಯ ಕೋಶದಲ್ಲಿ ಏನು ಬದಲಾಗಿದೆ ಅಂತ ಬೇರೆ ಬೇರೆಯಾಗಿ ಕಂಡಿತು. ಅದರಲ್ಲಿ ಥೈರಾಯ್ಡ್ ಹಾರ್ಮೋನ್ ಸಾಗಿಸೋ ಒಂದು ಪ್ರೋಟೀನಿನ ಜೀನ್ ಎದ್ದು ಕಂಡಿತು. ಹಾಗಾದರೆ ಆ ಹಾರ್ಮೋನನ್ನೇ ಕೊಟ್ಟು ನೋಡೋಣ ಅಂತ ಪೆಟ್ಟು ಬಿದ್ದ 1 ಗಂಟೆಗೆ, 6 ಗಂಟೆಗೆ ಥೈರಾಕ್ಸಿನ್ ಕೊಟ್ಟರು. ಆ ಇಲಿಗಳ ನೆನಪು ಸುಧಾರಿಸಿತು. ಇಲಿಯ ಮಾತಿದು, ಯಾರೂ ನಾಳೆ ಥೈರಾಯ್ಡ್ ಗುಳಿಗೆ ನುಂಗೋಕೆ ಹೋಗಬೇಡಿ! ನಾನು ಹೇಳ್ತಿರೋದು ದಾರಿ ಬದಲಾದದ್ದರ ಬಗ್ಗೆ. ಮೊದಲು ಔಷಧಿ ಇಟ್ಟುಕೊಂಡು ರೋಗಿ ಹುಡುಕುತ್ತಿದ್ದರು, ಇಲ್ಲಿ ಕೋಶವನ್ನೇ ಕೇಳಿ ಔಷಧಿ ಹುಡುಕಿದರು.

2023ರಲ್ಲಿ ಸ್ವೀಡನ್ನಿನ ಲುಂಡ್‌ನವರು ಮನುಷ್ಯರಲ್ಲೇ ನೋಡಿದರು. ತೀವ್ರ ಪೆಟ್ಟು ಬಿದ್ದು, ಜೀವ ಉಳಿಸೋಕೆ ಆಪರೇಷನ್ ಮಾಡುವಾಗ ಹೊರತೆಗೆದ ಮೆದುಳಿನ ತುಣುಕನ್ನ ತಕ್ಷಣ ಫ್ರೀಜ್ ಮಾಡಿ, ಕೋಶಗಳ ನ್ಯೂಕ್ಲಿಯಸ್‌ಗಳನ್ನ ಬಿಡಿಸಿ ಓದಿದರು. ಉರಿಯೂತ ಅಂದರೆ ಎಲ್ಲರೂ ಮೊದಲು ಅನುಮಾನಿಸೋದು ಕಾವಲುಗಾರ ಮೈಕ್ರೋಗ್ಲಿಯಾವನ್ನ. ಆದರೆ ಇನ್ಸುಲೇಷನ್ ಸುತ್ತೋ ಪಾಪದ ಆಲಿಗೋಡೆಂಡ್ರೋಸೈಟ್‌ಗಳಲ್ಲೇ ವೈರಸ್ ಬಂದಾಗ ಆಗೋ ಥರದ ಗಲಾಟೆ ಎದ್ದಿತ್ತು. ನಮ್ಮ ಡಿಎನ್‌ಎಯಲ್ಲಿ ಶೇ. 8ರಷ್ಟು ಭಾಗ ಯಾವುದೋ ಕಾಲದಲ್ಲಿ ಹೊಕ್ಕು ಕೂತ ಹಳೇ ವೈರಸ್‌ಗಳ ಅವಶೇಷ. ಅಂಥ ಕೆಲವು ತುಣುಕು ಅಲ್ಲಿ ಎಚ್ಚರಗೊಂಡಿದ್ದವು. ಅರೆದು ಅಳೆದಿದ್ದರೆ ಇದು ಯಾರ ಮನೆಯ ಗಲಾಟೆ ಅಂತ ಗೊತ್ತಾಗುತ್ತಿರಲಿಲ್ಲ.

*

ಈಗ ನಮ್ಮೂರ ಕಡೆ ಬರೋಣ.

ನನ್ನ ಗೆಳೆಯನೊಬ್ಬ ಶಹಾಪುರದಿಂದ ಬೈಕಿನಲ್ಲಿ ಬರುವಾಗ ಬಿದ್ದ. ಹೆಲ್ಮೆಟ್ ಇರಲಿಲ್ಲ. ಹಿಂದೆ ಬರ್ತಿದ್ದ ಟಂಟಂನವರು ಎತ್ತಿಕೊಂಡು ಒಂದು ಕಡೆ ತೋರಿಸಿದರು. ಅಲ್ಲಿಂದ ಇನ್ನೊಂದು ಕಡೆ, ಅಲ್ಲಿಂದ ಕ್ರೂಸರ್ ಮಾಡಿಕೊಂಡು ದೊಡ್ಡ ಶಹರಕ್ಕೆ. ಸ್ಕ್ಯಾನ್ ಮಾಡಿದರು, ನಾರ್ಮಲ್. ಎರಡು ದಿನ ಇಟ್ಟುಕೊಂಡು ಕಳಿಸಿದರು. ಆದರೆ ಆ ಮನುಷ್ಯ ಮೊದಲಿನ ಹಾಗಿಲ್ಲ. ಸಣ್ಣ ಮಾತಿಗೆ ಸಿಟ್ಟು, ಬೆಳಕು ಕಂಡರೆ ತಲೆನೋವು, ಅಂಗಡಿ ಲೆಕ್ಕ ಬಾಯಲ್ಲೇ ಮಾಡ್ತಿದ್ದವನು ಈಗ ಎರಡು ಸಲ ಕ್ಯಾಲ್ಕುಲೇಟರ್ ಒತ್ತುತ್ತಾನೆ. ಮನೆಯಲ್ಲಿ ಅವನ ಅವ್ವ, "ಸ್ಕ್ಯಾನಿಂಗ್‌ದಾಗ ಏನೂ ಇಲ್ಲಂತ ಹೇಳ್ಯಾರ, ಇಂವ ಸುಮ್ ನಾಟಕ ಮಾಡ್ತಾನ" ಅಂತಾರೆ. ನಾಟಕ ಅಲ್ಲ ಅವ್ವಾ. ಸಿಟಿ ಸ್ಕ್ಯಾನಿಗೆ ಕಾಣೋದು ರಕ್ತಸ್ರಾವ, ಮುರಿದ ಮೂಳೆ, ದೊಡ್ಡ ಬಾವು. ಅದರ ಒಂದು ಚುಕ್ಕಿಯೊಳಗೆ ಸಾವಿರಾರು ಕೋಶ ಇರುತ್ತವೆ. ಅದೂ ಒಂದು ಥರದ ಸರಾಸರಿಯೇ. ಲಾಸ್ ಏಂಜಲೀಸಿನವರು ಇಲಿಗಳಲ್ಲಿ ನೋಡಿದ್ದು ಇಂಥದೇ ಪೆಟ್ಟನ್ನ, ಹೊರಗಿನಿಂದ ದೊಡ್ಡದು ಅನ್ನಿಸದ ಪೆಟ್ಟನ್ನ.

ಅವನ ಕಾಗದಗಳನ್ನ ನಾನು ನೋಡಿದೆ. ಮೊದಲ ಚೀಟಿಯಲ್ಲಿ ತಾರೀಕಿದೆ, ರಸ್ತೆ ಅಪಘಾತ ಅಂತಿದೆ, ತಲೆಗೆ ಪೆಟ್ಟಿರಬಹುದು, ಮೇಲಿನ ಆಸ್ಪತ್ರೆಗೆ ಒಯ್ಯಿರಿ ಅಂತಿದೆ. ಗಂಟೆ ಇಲ್ಲ. ಯಾವ ಇಂಜೆಕ್ಷನ್ ಕೊಟ್ಟರು ಅಂತ ಇಲ್ಲ. ಎಚ್ಚರ ಎಷ್ಟಿತ್ತು ಅಂತ ಇಲ್ಲ. ಎರಡನೇ ಚೀಟಿ ಮೊದಲನೆಯದರ ನಕಲು. ಬಿದ್ದದ್ದು ಎಷ್ಟೊತ್ತಿಗೆ ಅಂತ ಕೊನೆಗೆ ಗೊತ್ತಾದದ್ದು ಅವನ ತಮ್ಮನ ಮೊಬೈಲಿನಿಂದ. ಟಂಟಂನವರು ಫೋನ್ ಮಾಡಿದ್ದು ಸಂಜೆ 7:40ಕ್ಕೆ ಅಂತ ಅದರಲ್ಲಿತ್ತು!

ಗಂಟೆ ಇಲ್ಲದಿದ್ದರೆ ಏನಾಯ್ತು ಅಂತೀರಾ? ಅದೇ ನನ್ನ ಇಡೀ ಬರಹ.

ಪೆಟ್ಟು ಬಿದ್ದ ಮೆದುಳಿನ ಜೀನ್‌ಗಳು ಗಡಿಯಾರದ ಪ್ರಕಾರ ಬದಲಾಗುತ್ತವೆ. ಫಾಸ್ ಅನ್ನೋ ಜೀನ್ ಕೆಲವೇ ನಿಮಿಷದಲ್ಲಿ ಏರಿ ಆಮೇಲೆ ಇಳಿದುಬಿಡುತ್ತದೆ. ಉರಿಯೂತದ ಜೀನ್‌ಗಳು ಗಂಟೆಗಳ ಲೆಕ್ಕದಲ್ಲಿ ಏಳುತ್ತವೆ. ಮೈಕ್ರೋಗ್ಲಿಯಾ ಒಂದು ದಿನಕ್ಕೆ ಒಂದು ಥರ, ವಾರಕ್ಕೆ ಇನ್ನೊಂದು ಥರ. ಹಾಗಾಗಿ ಇಬ್ಬರು ರೋಗಿಗಳ ಕೋಶಗಳಲ್ಲಿ ವ್ಯತ್ಯಾಸ ಕಂಡರೆ, ಅದು ಪೆಟ್ಟಿನ ವ್ಯತ್ಯಾಸವೋ, ವಯಸ್ಸಿನದೋ, ಅಥವಾ ಒಬ್ಬ 4 ಗಂಟೆಗೆ ಬಂದ, ಇನ್ನೊಬ್ಬ 14 ಗಂಟೆಗೆ ಬಂದ ಅನ್ನೋದರ ವ್ಯತ್ಯಾಸವೋ? ಟೈಮ್ ಅನ್ನೋ ಕಾಲಮ್ ಖಾಲಿ ಇದ್ದರೆ ಯಾವ ಸಾಫ್ಟ್‌ವೇರೂ ಹೇಳಲಾರದು. ಕೋಟಿ ರೂಪಾಯಿ ಮೆಷಿನ್ನು, ಲಕ್ಷ ಕೋಶಗಳು, 20,000 ಜೀನ್, ಎಲ್ಲ ಇದ್ದೂ ಒಂದು ಗಂಟೆ ಬರೆಯದ್ದಕ್ಕೆ ಆ ಟೇಬಲ್ ಅರ್ಧ ಕುರುಡು. ಲಾಗ್‌ನಲ್ಲಿ ಟೈಮ್‌ಸ್ಟ್ಯಾಂಪ್ ಇಲ್ಲದೆ ಪ್ರೊಡಕ್ಷನ್ ಬಗ್ ಹುಡುಕಿದವರಿಗೆ ನಾನು ಹೇಳ್ತಿರೋದು ಅರ್ಥವಾಗುತ್ತದೆ.

ಚಿಕಿತ್ಸೆಗೂ ಇದೇ ಗಡಿಯಾರ. 2019ರಲ್ಲಿ ಬಂದ ಕ್ರ್ಯಾಶ್-3 ಪರೀಕ್ಷೆ ಇದೆ, 12,737 ಮಂದಿಯದು. ರಕ್ತ ಹೆಪ್ಪುಗಟ್ಟಿದ್ದನ್ನ ಕರಗದಂತೆ ಹಿಡಿಯೋ ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ ಹಳೇ ಔಷಧಿಯನ್ನ, ತೀವ್ರವಲ್ಲದ ಪೆಟ್ಟಿನವರಿಗೆ 3 ಗಂಟೆಯೊಳಗೆ ಕೊಟ್ಟರೆ ತಲೆಪೆಟ್ಟಿನಿಂದ ಸಾಯೋದು ಕಡಿಮೆ ಆಗುತ್ತದೆ, ತಡವಾದಷ್ಟೂ ಲಾಭ ಕರಗುತ್ತದೆ ಅಂತ ಅದು ತೋರಿಸಿತು. ಸುರಪುರದಿಂದ ಕಲಬುರಗಿ ನೂರು ಕಿಲೋಮೀಟರಿನ ಮೇಲೆ. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಎರಡು ಕಡೆ ನಿಂತು, ಗಾಡಿ ಹುಡುಕಿ ಹೊರಟರೆ ಆ 3 ಗಂಟೆ ರಸ್ತೆಯಲ್ಲೇ ಮುಗಿಯುತ್ತದೆ. ಬಿದ್ದದ್ದು ಎಷ್ಟೊತ್ತಿಗೆ ಅಂತ ಚೀಟಿಯಲ್ಲಿ ಇಲ್ಲದಿದ್ದರೆ 3 ಗಂಟೆ ಆಗಿದೆಯೋ ಇಲ್ಲವೋ ಅಂತ ಮುಂದಿನ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

*

ಇನ್ನೊಂದು ಮಾತು, ಯಾರ ಮೆದುಳು ಈ ಲೆಕ್ಕಕ್ಕೆ ಸೇರುತ್ತದೆ ಅನ್ನೋದು.

ಮೇಲೆ ಹೇಳಿದ 2023ರ ನಕ್ಷೆಯಲ್ಲಿ 30 ಲಕ್ಷಕ್ಕೂ ಹೆಚ್ಚು ನ್ಯೂಕ್ಲಿಯಸ್‌ಗಳಿದ್ದವು. ಅವು ಬಂದದ್ದು ಬೆರಳೆಣಿಕೆಯ ದಾನಿಗಳಿಂದ. ಕೋಶ ಲಕ್ಷ ಇದ್ದ ಮಾತ್ರಕ್ಕೆ ಮನುಷ್ಯರು ಲಕ್ಷ ಆಗಲ್ಲ. ಒಬ್ಬನ ಹತ್ತು ಸಾವಿರ ಕೋಶ ಹತ್ತು ಸಾವಿರ ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿ ಹತ್ತು ಸಾವಿರ ಸಲ ಹೇಳಿದ್ದು. ಹೀಗೆ ಕೋಶಗಳನ್ನೇ ಸಾಕ್ಷಿ ಅಂತ ಎಣಿಸಿದರೆ ಇಲ್ಲದ ವ್ಯತ್ಯಾಸಗಳು ನೂರಾರು ಕಾಣಿಸಿಕೊಳ್ಳುತ್ತವೆ ಅಂತ 2021ರಲ್ಲಿ ಸ್ವಿಟ್ಜರ್ಲೆಂಡಿನ ತಂಡವೊಂದು ಲೆಕ್ಕ ಸಮೇತ ತೋರಿಸಿತು. ಅಂದರೆ ಬೇಕಾಗಿರೋದು ಹೆಚ್ಚು ಮಂದಿ, ಬೇರೆ ಬೇರೆ ಕಡೆಯ ಮಂದಿ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಸಾಮಾನು ಬಹಳಷ್ಟು ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ, ದಾನವಾಗಿ ಬಂದ ಮೆದುಳುಗಳನ್ನ ಸಂಶೋಧನೆಗೆ ಕಾಪಾಡಿಡೋ ಜಾಗ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೆದುಳು ಸಂಶೋಧನಾ ಕೇಂದ್ರ ಇದೆ. 83 ಸಮುದಾಯಗಳ ಸುಮಾರು 10,000 ಭಾರತೀಯರ ಜೀನೋಮ್ ಓದಿ 2025ರ ಜನವರಿಯಲ್ಲಿ ಡೇಟಾ ಬಿಡುಗಡೆ ಮಾಡಿದ ಜೀನೋಮ್ ಇಂಡಿಯಾ ಯೋಜನೆಯನ್ನ ನಡೆಸಿದ್ದು ಇವರೇ. ಇದೇ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಮೆದುಳಿನ ಆರೋಗ್ಯವನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡೋ ಅಧ್ಯಯನ ನಡೆಸುತ್ತಿದ್ದಾರೆ. ಹಳ್ಳಿ ಮಂದಿಯನ್ನ ಮೆದುಳು ಸಂಶೋಧನೆಗೆ ಸೇರಿಸೋಕಾಗಲ್ಲ ಅನ್ನೋರಿಗೆ ಶ್ರೀನಿವಾಸಪುರವೇ ಉತ್ತರ. ರಕ್ತದ ಕೋಶಗಳ ವಿಷಯದಲ್ಲಿ ಒಂಟಿ ಕೋಶದ ಲೆಕ್ಕವೂ ಭಾರತಕ್ಕೆ ಬಂದಾಗಿದೆ. ಏಷ್ಯಾದ ಐದು ದೇಶಗಳ 619 ಆರೋಗ್ಯವಂತರ ರಕ್ತಕೋಶಗಳನ್ನ ಹೀಗೆ ಓದಿ 2025ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಭಾರತದವರೂ ಇದ್ದಾರೆ. ಜನಾಂಗದಿಂದ ಜನಾಂಗಕ್ಕೆ ರಕ್ತಕೋಶಗಳ ಪ್ರಮಾಣ, ಜೀನ್ ಬಳಕೆ ಬದಲಾಗುತ್ತದೆ ಅಂತ ಅದರಲ್ಲಿ ಕಂಡಿತು. ರಕ್ತದಲ್ಲೇ ಹೀಗಾದರೆ, ಪೆಟ್ಟಿಗೆ ಮೆದುಳು ಕೊಡೋ ಉತ್ತರ ಸ್ವೀಡನ್ನಿನಲ್ಲೂ ಸುರಪುರದಲ್ಲೂ ಒಂದೇ ಅಂತ ಪರೀಕ್ಷೆ ಮಾಡದೆ ನಂಬೋದು ಹೇಗೆ?

ಈಗ ಊಹಿಸಿ. ನಾಳೆ ಬೆಂಗಳೂರಿನಲ್ಲೇ ತಲೆಪೆಟ್ಟಿನ ಕೋಶಗಳ ನಕ್ಷೆ ಮಾಡೋಕೆ ಹೊರಟರು ಅಂತಿಟ್ಟುಕೊಳ್ಳಿ. ಅದರಲ್ಲಿ ಯಾರಿರುತ್ತಾರೆ? ಆಪರೇಷನ್ ಟೇಬಲ್ ತನಕ ಬದುಕಿ ಬಂದವರು. ಆಸ್ಪತ್ರೆಗೆ ಹತ್ತಿರ ಬಿದ್ದವರು. ಯಾದಗಿರಿಯಿಂದ ಬೆಂಗಳೂರು ಐನೂರು ಕಿಲೋಮೀಟರಿನ ಆಚೀಚೆ. ನಮ್ಮವರು ಆ ನಕ್ಷೆಗೆ ಸೇರೋದು ಗುಳೆ ಹೋಗಿ ಬೆಂಗಳೂರಿನ ಯಾವುದೋ ಕಟ್ಟಡದ ಸೆಂಟ್ರಿಂಗ್ ಮೇಲಿಂದ ಬಿದ್ದಾಗ ಮಾತ್ರ. ಊರ ರಸ್ತೆಯಲ್ಲಿ ಬಿದ್ದವನು, ಹತ್ತಿ ಹೊಲದಿಂದ ಟ್ರ್ಯಾಕ್ಟರಿನಲ್ಲಿ ಬರುವಾಗ ಉರುಳಿದವಳು, ಸ್ಕ್ಯಾನ್ ನಾರ್ಮಲ್ ಅಂತ ಮನೆಗೆ ಕಳಿಸಿಕೊಂಡವನು, ಇವರಾರೂ ಇರಲ್ಲ. ನಕ್ಷೆಯಿಂದ ಬರೋ ಔಷಧಿ ಮಾತ್ರ ಎಲ್ಲರಿಗೂ ಅಂತ ಬರುತ್ತದೆ. ಮತ್ತೆ ಅದೇ ಹಳೇ ಗುಲ್ಬರ್ಗ ಜಿಲ್ಲೆಯ ಸರಾಸರಿ!

*

ನೀವು ಕೇಳಬಹುದು, "ಮೊದಲು ತಾಲೂಕಿಗೆ ಸ್ಕ್ಯಾನಿಂಗ್ ಮೆಷಿನ್ನು, ನ್ಯೂರೋ ಸರ್ಜನ್ ಕೊಡಲಿ, ಕೋಶ ಎಣಿಸೋದು ಆಮೇಲಾಯ್ತು". ಈ ಮಾತನ್ನ ನಾನು ಗೌರವಿಸ್ತೀನಿ. ಎಲ್ಲಕ್ಕಿಂತ ಮೊದಲು ಹೆಲ್ಮೆಟ್, ಅದರಲ್ಲಿ ಎರಡು ಮಾತಿಲ್ಲ. ಹಿಂದೆ ಕೂರೋರಿಗೂ ರಾಜ್ಯದಲ್ಲಿ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯ, ನಮ್ಮ ಕಡೆ ಎಷ್ಟು ಮಂದಿ ಹಾಕ್ತಾರೆ ನೀವೇ ನೋಡಿದ್ದೀರಿ. ಆದರೆ ಹಸಿದವನಿಗೆ ಅನ್ನವೋ ನೀರೋ ಒಂದೇ ಕೇಳು ಅಂದ ಹಾಗೆ ಆಗಬಾರದು. ಮೇಲಿನ ವಿಜ್ಞಾನಕ್ಕೂ ಕೆಳಗಿನ ಚಿಕಿತ್ಸೆಗೂ ಬೇಕಾದದ್ದು ಒಂದೇ ಆಗಿರೋ ಜಾಗ ಈ ಚೀಟಿ.

ಅದರಲ್ಲಿ ನಾಲ್ಕು ಸಾಲು ಸಾಕು. ಪೆಟ್ಟು ಬಿದ್ದ ಗಂಟೆ. ಆಸ್ಪತ್ರೆಗೆ ಬಂದ ಗಂಟೆ. ಕೊಟ್ಟ ಔಷಧಿ ಮತ್ತು ಕೊಟ್ಟ ಗಂಟೆ. ಎಚ್ಚರದ ಅಂಕ. ಈ ಕೊನೆಯದು ಗ್ಲಾಸ್ಗೋ ಕೋಮಾ ಸ್ಕೇಲ್, 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಅನ್ನೋ ಇಬ್ಬರು ಮಾಡಿದ್ದು. ಕಣ್ಣು ತೆರೀತಾನಾ, ಮಾತಾಡ್ತಾನಾ, ಕೈಕಾಲು ಆಡಿಸ್ತಾನಾ ಅಂತ ನೋಡಿ 3ರಿಂದ 15ರೊಳಗೆ ಒಂದು ಅಂಕ. ಮೆಷಿನ್ ಬೇಡ, ಕರೆಂಟ್ ಬೇಡ, ಪೆನ್ನು ಸಾಕು. 108ಕ್ಕೆ ಫೋನ್ ಮಾಡಿದ್ದರೆ ಆ ಕರೆಯ ಸಮಯ ಆಗಲೇ ಕಂಪ್ಯೂಟರಿನಲ್ಲಿ ಇರುತ್ತದೆ. ಅದು ಚೀಟಿಗೂ ಮುಂದಿನ ಆಸ್ಪತ್ರೆಯ ಪರದೆಗೂ ಹೋಗಬೇಕು, ಅಷ್ಟೇ. ಬೆಂಗಳೂರಿನಲ್ಲಿ ಕೂತು ಪಿಜ್ಜಾ ಎಲ್ಲಿ ಬಂತು ಅಂತ ನಿಮಿಷ ನಿಮಿಷಕ್ಕೆ ತೋರಿಸೋ ಸಾಫ್ಟ್‌ವೇರ್ ಬರೀತೀವಿ. ಇದೇನು ದೊಡ್ಡ ಕೆಲಸ?

ಕೋಶದ ವಿಜ್ಞಾನ ಚೀಟಿಯ ಮಟ್ಟಕ್ಕೆ ಇಳಿದು ಬರಲ್ಲ ಅಂತಲೂ ಅಂದುಕೊಳ್ಳಬೇಡಿ. ಆಸ್ಟ್ರೋಸೈಟ್ ಹಾಳಾದರೆ ಒಂದು ಪ್ರೋಟೀನ್, ನ್ಯೂರಾನ್ ಹಾಳಾದರೆ ಇನ್ನೊಂದು ಪ್ರೋಟೀನ್ ರಕ್ತಕ್ಕೆ ಸೋರುತ್ತದೆ ಅಂತ ತಿಳಿದದ್ದರಿಂದಲೇ ತಲೆಪೆಟ್ಟಿಗೆ ರಕ್ತಪರೀಕ್ಷೆ ಬಂತು. ಅಮೆರಿಕದಲ್ಲಿ 2018ರಲ್ಲಿ ಮೊದಲ ಅನುಮತಿ ಸಿಕ್ಕಿತು. 2024ರಲ್ಲಿ ಲ್ಯಾಬಿಗೆ ಕಳಿಸದೆ ರೋಗಿಯ ಪಕ್ಕದಲ್ಲೇ 15 ನಿಮಿಷದಲ್ಲಿ ಫಲಿತಾಂಶ ಕೊಡೋ ಪುಟ್ಟ ಯಂತ್ರಕ್ಕೂ ಸಿಕ್ಕಿತು. ಸ್ಕ್ಯಾನಿಂಗ್ ದೂರ ಇರೋ ಸುರಪುರದಂಥ ಊರಿಗೇ ಇಂಥದು ಹೆಚ್ಚು ಬೇಕು. ಆದರೆ ಅದರ ಷರತ್ತೇನು ಗೊತ್ತಾ? ಪೆಟ್ಟು ಬಿದ್ದ 24 ಗಂಟೆಯೊಳಗೆ ಮಾಡಬೇಕು. ಮತ್ತೆ ಗಡಿಯಾರ.

ಕೊನೆಯದಾಗಿ ಒಪ್ಪಿಗೆಯ ಮಾತು. ಪ್ರಜ್ಞೆ ಇಲ್ಲದೆ ಮಲಗಿದವನ ಮೆದುಳಿನ ತುಣುಕನ್ನ ಸಂಶೋಧನೆಗೆ ಇಟ್ಟುಕೊಳ್ಳಲಾ ಅಂತ ಅವನ ಹೆಂಡತಿಯನ್ನೋ ಅಣ್ಣನನ್ನೋ ಕೇಳಬೇಕಾಗುತ್ತದೆ. 2011ರಲ್ಲಿ ಅರ್ಧದಷ್ಟು ಮಂದಿಗೆ ಓದು ಬಾರದಿದ್ದ ಜಿಲ್ಲೆ ನಮ್ಮದು. ಇಂಗ್ಲಿಷಿನ ಆರು ಪುಟದ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನ ಒಪ್ಪಿಗೆ ಅಂತ ನಾನು ಕರೆಯಲ್ಲ. ನಮ್ಮ ಕಡೆಯ ಕನ್ನಡದಲ್ಲಿ, ಬಾಯಿಮಾತಿನಲ್ಲಿ, ಕೂತು ಹೇಳಬೇಕು. ಬೇಡ ಅಂದರೆ ಚಿಕಿತ್ಸೆಯಲ್ಲಿ ಏನೂ ಕಡಿಮೆ ಆಗಲ್ಲ ಅಂತಲೂ ಹೇಳಬೇಕು. ಕೊಟ್ಟ ಮೇಲೆ ಏನು ತಿಳಿದುಬಂತು ಅಂತ ವರ್ಷಕ್ಕೊಮ್ಮೆಯಾದರೂ ಆ ತಾಲೂಕಿಗೆ ಬಂದು ಹೇಳೋದು ಕೇಳಿದವರ ಕರ್ತವ್ಯ. ಯಾದಗಿರಿಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಅಲ್ಲಿ ಓದೋ ಹುಡುಗ ಹುಡುಗಿಯರು ಈ ಮಾತಾಡೋಕೆ ಎಲ್ಲರಿಗಿಂತ ತಕ್ಕವರು, ಮಂದಿಯ ಮಾತು ಅವರಿಗೆ ಗೊತ್ತು.

ಓದುಗರಲ್ಲಿ ಡಾಕ್ಟರುಗಳಿದ್ದರೆ, ನಾನು ಹೇಳಿದ್ದರಲ್ಲಿ ಎಲ್ಲಿ ಅಡ್ಡಿ ಇದೆ ಅಂತ ದಯವಿಟ್ಟು ಬರೆಯಿರಿ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವಾಗ ನಾಲ್ಕು ಸಾಲು ಬರೆಯೋದೂ ಕಷ್ಟವೇ ಇರಬಹುದು, ಆ ಕಷ್ಟ ತಿಳಿದರೆ ಅದಕ್ಕೂ ದಾರಿ ಯೋಚಿಸಬಹುದು. ಸಾಫ್ಟ್‌ವೇರಿನವರಿದ್ದರೆ ಮೇಲ್ ಮಾಡಿ, ಮೊಬೈಲಿನಲ್ಲಿ ನಡೆಯೋ ಒಂದು ಸರಳ ಕನ್ನಡ ಚೀಟಿ ಮಾಡೋ ಆಲೋಚನೆ ಇದೆ, ಒಬ್ಬನಿಂದ ಆಗೋ ಕೆಲಸ ಅಲ್ಲ.

ಇನ್ನು ಉಳಿದವರಿಗೆ ಒಂದೇ ಮಾತು. ರಸ್ತೆಯಲ್ಲಿ ಯಾರಾದರೂ ಬಿದ್ದದ್ದು ಕಂಡರೆ 108ಕ್ಕೆ ಫೋನ್ ಮಾಡಿ, ಆಮೇಲೆ ಗಡಿಯಾರ ನೋಡಿ. ಆ ಗಂಟೆಯನ್ನ ಒಂದು ಕಾಗದದಲ್ಲಿ ಬರೆದು, ಬಿದ್ದವರ ಜೊತೆ ಹೋಗೋರ ಕೈಗೆ ಕೊಡಿ.